ಉಳಿದ ಆರು ಇನ್ನಿಂಗ್ಸ್

(ಬಡಾವಣೆಯ ಗ್ರಂಥಾಲಯದಲ್ಲಿ ಒಂದು ಭಾನುವಾರ ಸಂಜೆ ಮಾಡಿದ ಉಪನ್ಯಾಸದ ಬರಹ ರೂಪ. ಅಂದು ಕೈಯಲ್ಲಿ ಚೆಂಡು ಹಿಡಿದು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲಿ ವಿವರಿಸಬೇಕಾಯಿತು. ಕೊನೆಯಲ್ಲಿ ಸಭಿಕರೊಬ್ಬರು ಕೇಳಿದ ಪ್ರಶ್ನೆಯನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಬೇಸ್‌ಬಾಲ್ ಬಗ್ಗೆ ಮಾತು ಎಂದು ಫಲಕದಲ್ಲಿ ಬರೆದರೂ ಇಷ್ಟು ಜನ ಬಂದಿದ್ದೀರಿ. ಹೊರಗೆ ಮಳೆ ಬರುತ್ತಿರುವುದೂ ಅದಕ್ಕೆ ಕಾರಣವಿರಬಹುದು.

ಅಮೆರಿಕದ ಕ್ಯಾನ್ಸಾಸ್ ಸಿಟಿಯಲ್ಲಿ ಹದಿನೆಂಟನೆಯ ಬೀದಿ ಮತ್ತು ವೈನ್ ಬೀದಿ ಕೂಡುವ ಕಡೆ ಒಂದು ವಸ್ತುಸಂಗ್ರಹಾಲಯವಿದೆ. ನೀಗ್ರೊ ಲೀಗ್ಸ್ ಬೇಸ್‌ಬಾಲ್ ಮ್ಯೂಸಿಯಂ. 1990ರಲ್ಲಿ ಆರಂಭವಾದದ್ದು. ಒಳಗೆ ಕಾಲಿಟ್ಟ ಕೂಡಲೇ ಒಂದು ಪುಟ್ಟ ಮೈದಾನ ಕಾಣುತ್ತದೆ. ಆಟಗಾರರ ಆಳೆತ್ತರದ ಕಂಚಿನ ಪ್ರತಿಮೆಗಳು ತಮ್ಮ ತಮ್ಮ ಜಾಗದಲ್ಲಿ ನಿಂತಿರುತ್ತವೆ. ಆದರೆ ನಿಮ್ಮ ಮತ್ತು ಮೈದಾನದ ನಡುವೆ ಕೋಳಿಗೂಡಿಗೆ ಹಾಕುವಂಥ ತಂತಿ ಜಾಲರಿ. ಒಳಗೆ ಹೋಗುವಂತಿಲ್ಲ, ಇಣುಕಿ ನೋಡಬಹುದು ಅಷ್ಟೇ. ಕಪ್ಪು ಜನಾಂಗದವರಿಗೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಆ ಆಟದ ದೊಡ್ಡ ಅಂಗಳ ಹೇಗಿತ್ತೋ ಹಾಗೆ. ಇಡೀ ಸಂಗ್ರಹಾಲಯ ಸುತ್ತಿ, ಫೋಟೊ, ಸಮವಸ್ತ್ರ, ಹಳೆಯ ಟಿಕೆಟ್‌ಗಳನ್ನೆಲ್ಲ ನೋಡಿ ಮುಗಿಸಿದ ಮೇಲೆ ಕೊನೆಯ ಬಾಗಿಲು ಆ ಮೈದಾನಕ್ಕೇ ತೆರೆದುಕೊಳ್ಳುತ್ತದೆ. ಆಗ ನೀವು ಪ್ರತಿಮೆಗಳ ನಡುವೆ ಓಡಾಡಬಹುದು.

ನಾನು ಓಡಾಡಿದೆ. ನಡುವಿನ ದಿಬ್ಬದ ಮೇಲೆ ಚೆಂಡು ಎಸೆಯಲು ನಿಂತವರು ಸ್ಯಾಚೆಲ್ ಪೇಜ್. ಅದರಲ್ಲಿ ಯಾರದೂ ತಕರಾರಿಲ್ಲ. ಆದರೆ ನಾನು ಹುಡುಕಿಕೊಂಡು ಹೋಗಿದ್ದವರು ಬೇರೆಯವರು: ಅದೇ ಕ್ಯಾನ್ಸಾಸ್ ಸಿಟಿಯ ತಂಡಕ್ಕಾಗಿ ಹನ್ನೆರಡು ವರ್ಷ ಎಸೆದವರು, ಅದೇ ಊರಿನಲ್ಲಿ ನೆಲೆಸಿ ಅಲ್ಲೇ ತೀರಿಕೊಂಡವರು. ಹೆಸರು ಹಿಲ್ಟನ್ ಸ್ಮಿತ್. ಆ ಕಂಚಿನ ಮೈದಾನದಲ್ಲಿ ಅವರಿಗೆ ಜಾಗವಿಲ್ಲ. ದಿಬ್ಬ ಒಂದೇ ಇರುವುದು. ಅದರ ಮೇಲೆ ಒಬ್ಬರೇ ನಿಲ್ಲಬೇಕು. ಅವರ ಬದುಕಿನಲ್ಲಿ ಆದದ್ದೂ ಬಹುಮಟ್ಟಿಗೆ ಇದೇ.

ಆಟ ಗೊತ್ತಿಲ್ಲದವರಿಗೆ ಒಂದೆರಡು ಮಾತು. ನಮ್ಮ ಬೌಲರ್ ಇದ್ದ ಹಾಗೆ ಅಲ್ಲಿ ಪಿಚರ್. ಓಡಿ ಬರುವಂತಿಲ್ಲ, ನಿಂತ ದಿಬ್ಬದಿಂದಲೇ ಎಸೆಯಬೇಕು. ಚೆಂಡು ನೆಲಕ್ಕೆ ಬಡಿಯುವುದೂ ಇಲ್ಲ. ಹಾಗಾಗಿ ಪಿಚ್ ತಿರುಗಿತು, ತೇವ ಇತ್ತು ಎಂಬ ನೆಪಗಳೂ ಇಲ್ಲ. ಹದಿನೆಂಟೂವರೆ ಮೀಟರಿಗೆ ಚೂರು ಕಡಿಮೆ ದೂರ, ಗಾಳಿಯಲ್ಲೇ ಏನು ಮಾಡುತ್ತೀರೋ ಮಾಡಬೇಕು. ಒಂದು ಪಂದ್ಯಕ್ಕೆ ಒಂಬತ್ತು ಇನ್ನಿಂಗ್ಸ್. ಆ ಕಾಲದಲ್ಲಿ ಒಳ್ಳೆಯ ಪಿಚರ್ ಎಂದರೆ ಒಂಬತ್ತನ್ನೂ ಒಬ್ಬನೇ ಎಸೆದು ಮುಗಿಸುವವನು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ವರ್ಣಭೇದದ ಗೋಡೆಯ ಬಗ್ಗೆಯೂ ಚುಟುಕಾಗಿ ಹೇಳಿಬಿಡುತ್ತೇನೆ. ಮೋಸೆಸ್ ಫ್ಲೀಟ್‌ವುಡ್ ವಾಕರ್ ಎಂಬ ಕಪ್ಪು ಆಟಗಾರ 1884ರಲ್ಲಿ ಟೊಲೀಡೊ ತಂಡದ ಪರವಾಗಿ ಆ ಆಟದ ಅತ್ಯುನ್ನತ ವೃತ್ತಿಪರ ಹಂತವಾದ ಮೇಜರ್ ಲೀಗ್‌ನಲ್ಲಿ ಆಡಿದ್ದರು. ಅದಾದ ಮೇಲೆ ಬಾಗಿಲು ಮುಚ್ಚಿತು. ಕಾನೂನು ಇರಲಿಲ್ಲ, ಬರೆದಿಟ್ಟ ನಿಯಮವಿರಲಿಲ್ಲ. ತಂಡಗಳ ಒಡೆಯರು ತಮ್ಮೊಳಗೆ ಒಪ್ಪಿಕೊಂಡಿದ್ದರು, ಅಷ್ಟೇ. ಬರೆದಿಟ್ಟ ನಿಯಮವಾದರೆ ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು. ಇಂಥದ್ದನ್ನು ಎಲ್ಲಿ ಹಿಡಿಯುವುದು? ಆ ಬಾಗಿಲು ಮತ್ತೆ ತೆರೆದದ್ದು 1947ರ ಏಪ್ರಿಲ್ 15ರಂದು, ಜಾಕಿ ರಾಬಿನ್ಸನ್ ಬ್ರೂಕ್ಲಿನ್ ಡಾಡ್ಜರ್ಸ್ ಪರವಾಗಿ ಮೈದಾನಕ್ಕೆ ಇಳಿದಾಗ. ನಡುವಿನ ಕಾಲದಲ್ಲಿ ಕಪ್ಪು ಜನ ತಮ್ಮದೇ ತಂಡ, ತಮ್ಮದೇ ಲೀಗ್ ಕಟ್ಟಿಕೊಂಡರು. 1920ರ ಫೆಬ್ರುವರಿಯಲ್ಲಿ ರೂಬ್ ಫಾಸ್ಟರ್ ಎಂಬ ದೈತ್ಯ, ಹಿಂದೆ ತಾನೂ ಪಿಚರ್ ಆಗಿದ್ದವನು, ತಂಡಗಳ ಒಡೆಯರನ್ನು ಕ್ಯಾನ್ಸಾಸ್ ಸಿಟಿಯ ವೈಎಂಸಿಎ ಕಟ್ಟಡದಲ್ಲಿ ಕೂರಿಸಿ ನೀಗ್ರೊ ನ್ಯಾಷನಲ್ ಲೀಗ್ ಕಟ್ಟಿದ. ಇಂದು ಆ ಮೊದಲ ಪದವನ್ನು ಯಾರೂ ಬಳಸುವುದಿಲ್ಲ. ಅಂದು ಅವರೇ ಇಟ್ಟುಕೊಂಡ ಹೆಸರಾದ್ದರಿಂದ ನಾನೂ ಹಾಗೆಯೇ ಹೇಳುತ್ತಿದ್ದೇನೆ.

ಸ್ಮಿತ್ ಹುಟ್ಟಿದ್ದು 1907ರಲ್ಲಿ, ಟೆಕ್ಸಸ್ ರಾಜ್ಯದ ಗಿಡಿಂಗ್ಸ್ ಎಂಬ ಸಣ್ಣ ಊರಿನಲ್ಲಿ. ಪ್ರೇರಿ ವ್ಯೂ ಕಾಲೇಜಿನಲ್ಲಿ ಓದಿದವರು. ಆ ಕಾಲದ ಕಪ್ಪು ಆಟಗಾರರೆಂದರೆ ರೈಲು ನಿಲ್ದಾಣದಲ್ಲಿ ಸಾಮಾನು ಹೊತ್ತು, ಪುಂಡಾಟ ಮಾಡಿ, ಹೇಗೋ ಆಟಕ್ಕೆ ಬಂದವರು ಎಂಬ ಚಿತ್ರ ನಮ್ಮ ತಲೆಯಲ್ಲಿ ಕುಳಿತಿದ್ದರೆ ಅದಕ್ಕೆ ಸ್ಯಾಚೆಲ್ ಕಥೆಯೇ ಕಾರಣ. ಸ್ಮಿತ್ ಆ ಚಿತ್ರಕ್ಕೆ ಹೊಂದುವುದಿಲ್ಲ. ಗಂಭೀರ ಮನುಷ್ಯ, ಮಾತು ಕಡಿಮೆ. 1931ರಲ್ಲಿ ಆಸ್ಟಿನ್ ಊರಿನ ತಂಡ, ಮರುವರ್ಷ ಲೂಸಿಯಾನದ ಮನ್ರೊ ಮೊನಾರ್ಕ್ಸ್. ಮನ್ರೊ ತಂಡದ ಯಜಮಾನ ಫ್ರೆಡ್ ಸ್ಟೋವಲ್ ಎಣ್ಣೆ ಬಾವಿ ಕೊರೆಸುವ ಬಿಳಿಯ ಉದ್ಯಮಿ. ತಂಡಕ್ಕಾಗಿ ಒಂದು ಮೈದಾನವನ್ನೇ ಕಟ್ಟಿಸಿದ್ದ.

ಅಲ್ಲಿಂದ ಸ್ಮಿತ್ ಹೋದದ್ದು ಉತ್ತರದ ಕೊನೆಗೆ, ನಾರ್ತ್ ಡಕೋಟದ ಬಿಸ್ಮಾರ್ಕ್‌ಗೆ. ಇದೊಂದು ವಿಚಿತ್ರ ಪ್ರಸಂಗ. ನೀಲ್ ಚರ್ಚಿಲ್ ಎಂಬ ಕಾರು ವ್ಯಾಪಾರಿ ತನ್ನ ಊರಿನ ತಂಡ ಗೆಲ್ಲಬೇಕು ಎಂಬ ಒಂದೇ ಹಟಕ್ಕೆ ಬಿಳಿಯ ಮತ್ತು ಕಪ್ಪು ಆಟಗಾರರನ್ನು ಒಟ್ಟಿಗೆ ಆಡಿಸಿದ. ರಾಬಿನ್ಸನ್‌ಗೆ ಹನ್ನೆರಡು ವರ್ಷ ಮೊದಲು, ಚಳಿಯಲ್ಲಿ ನಡುಗುವ ಒಂದು ಸಣ್ಣ ಪಟ್ಟಣದಲ್ಲಿ! ಸಮಾನತೆಯ ಆದರ್ಶಕ್ಕಿಂತ ಪಕ್ಕದ ಊರಿನ ಮೇಲಿನ ಹೊಟ್ಟೆಕಿಚ್ಚು ಇಲ್ಲಿ ಹೆಚ್ಚು ಕೆಲಸ ಮಾಡಿತು ಎಂದು ನನ್ನ ಗುಮಾನಿ. 1935ರಲ್ಲಿ ವಿಚಿಟಾದಲ್ಲಿ ನಡೆದ ರಾಷ್ಟ್ರಮಟ್ಟದ ಅರೆ ವೃತ್ತಿಪರ ಪಂದ್ಯಾವಳಿಯನ್ನು ಆ ತಂಡ ಗೆದ್ದುಕೊಂಡಿತು. ಆ ಪಂದ್ಯಾವಳಿಯ ನಾಯಕ ಯಾರು? ಸ್ಯಾಚೆಲ್ ಪೇಜ್. ನಾಲ್ಕು ಪಂದ್ಯ ಗೆದ್ದು 60 ಜನರನ್ನು ಸ್ಟ್ರೈಕ್‌ಔಟ್ ಮಾಡಿದ್ದರು. (ಮೂರು ಒಳ್ಳೆಯ ಎಸೆತಗಳನ್ನು ಹೊಡೆಯಲಾಗದೆ ಬ್ಯಾಟರ್ ಔಟಾದರೆ ಅದು ಸ್ಟ್ರೈಕ್‌ಔಟ್.) ಸ್ಮಿತ್ ಅದೇ ತಂಡದಲ್ಲಿದ್ದರು. ಜೊತೆ ಅಲ್ಲಿಂದಲೇ ಶುರು.

1936ರ ಕೊನೆಯ ಹೊತ್ತಿಗೆ ಸ್ಮಿತ್ ಕ್ಯಾನ್ಸಾಸ್ ಸಿಟಿ ಮೊನಾರ್ಕ್ಸ್ ಸೇರಿದರು. ಅದರ ಒಡೆಯ ಜೆ. ಎಲ್. ವಿಲ್ಕಿನ್ಸನ್ ಬಿಳಿಯ, ತನ್ನ ಆಟಗಾರರು ಕೊನೆಯವರೆಗೂ ಒಳ್ಳೆಯ ಮಾತಾಡುವಂತೆ ಬಾಳಿದವನು. ಆರ್ಥಿಕ ಕುಸಿತದ 1930ರಲ್ಲಿ, ಹಗಲು ಕೆಲಸಕ್ಕೆ ಹೋಗುವವರು ರಾತ್ರಿಯಾದರೂ ಆಟಕ್ಕೆ ಬರಲಿ ಎಂದು, ಸಾಲ ಮಾಡಿ ವಿದ್ಯುದ್ದೀಪಗಳನ್ನು ಮಾಡಿಸಿದವನು. ದೀಪ ಎಂದರೆ ಮೈದಾನದಲ್ಲಿ ನೆಟ್ಟ ಕಂಬಗಳಲ್ಲ. ಲಾರಿಗಳ ಮೇಲೆ ಮಡಚಿ ಮಲಗಿಸಿದ ಕಂಬಗಳು, ಊರೂರಿಗೆ ಸಾಗಿಸಿ ಅಲ್ಲಿ ಎತ್ತಿ ನಿಲ್ಲಿಸುವುದು, ಮೈದಾನದ ಆಚೆ ಒಂದು ಜನರೇಟರ್. ಮೇಜರ್ ಲೀಗ್‌ನಲ್ಲಿ ರಾತ್ರಿ ಪಂದ್ಯ ಬಂದದ್ದು ಇದಾಗಿ ಐದು ವರ್ಷಕ್ಕೆ. ಜನರೇಟರಿನ ಗದ್ದಲದಲ್ಲಿ ಒಬ್ಬರ ಕೂಗು ಒಬ್ಬರಿಗೆ ಕೇಳುತ್ತಿರಲಿಲ್ಲ. ಎತ್ತರಕ್ಕೆ ಹೊಡೆದ ಚೆಂಡು ದೀಪಗಳ ಮೇಲಿನ ಕತ್ತಲೆಗೆ ಹೋಗಿ ಮಾಯವಾಗಿ, ಎಲ್ಲಿಂದಲೋ ಮತ್ತೆ ಇಳಿದು ಬರುತ್ತಿತ್ತು. ಊರಹಬ್ಬದಲ್ಲಿ ಪೆಟ್ರೊಮ್ಯಾಕ್ಸ್ ಬೆಳಕಿನ ನಾಟಕ ನೋಡಿದ ನಮ್ಮ ಹಿರಿಯರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ.

ಕ್ಯಾನ್ಸಾಸ್ ಸಿಟಿಯಲ್ಲಿ ಮೊನಾರ್ಕ್ಸ್ ತಂಡದ ಭಾನುವಾರದ ಪಂದ್ಯವೆಂದರೆ ಕಪ್ಪು ಜನರಿಗೆ ಜಾತ್ರೆ. ಆಟಕ್ಕೆ ತಡವಾಗಬಾರದೆಂದು ಚರ್ಚುಗಳಲ್ಲಿ ಪ್ರಾರ್ಥನೆಯನ್ನೇ ಮುಂಚಿತವಾಗಿ ಮುಗಿಸುತ್ತಿದ್ದರು. ಪ್ರಾರ್ಥನೆಗೆ ಉಟ್ಟ ಬಟ್ಟೆಯಲ್ಲೇ, ಹ್ಯಾಟು, ಕೋಟು, ರೇಷ್ಮೆಯ ಗೌನು ಸಮೇತ ಜನ ನೇರವಾಗಿ ಮೈದಾನಕ್ಕೆ.

ಇಂಥ ತಂಡಕ್ಕೆ ಸ್ಮಿತ್ ಬಂದರು. ಬಂದ ಮೊದಲ ಪೂರ್ಣ ಋತುವಿನಲ್ಲೇ, 1937ರ ಮೇ ತಿಂಗಳಲ್ಲಿ, ಷಿಕಾಗೊ ಅಮೆರಿಕನ್ ಜೈಂಟ್ಸ್ ವಿರುದ್ಧ ನೋ-ಹಿಟರ್ ಎಸೆದರು. ಅಂದರೆ ಇಡೀ ಪಂದ್ಯದಲ್ಲಿ ಎದುರಾಳಿಗೆ ಒಂದೂ ಹಿಟ್ ಇಲ್ಲ, ಹೊಡೆತದ ಬಲದಿಂದ ಬೇಸ್ (ರನ್ನಿಗಾಗಿ ಓಡಿ ಮುಟ್ಟಬೇಕಾದ ನೆಲೆ) ತಲುಪಿದವರು ಯಾರೂ ಇಲ್ಲ. ಆ ವರ್ಷದಿಂದ 1942ರವರೆಗೆ ಸತತ ಆರು ವರ್ಷ ಈಸ್ಟ್-ವೆಸ್ಟ್ ಆಲ್‌ಸ್ಟಾರ್ ಪಂದ್ಯಕ್ಕೆ ಆಯ್ಕೆಯಾದರು. ಆ ಪಂದ್ಯ ಷಿಕಾಗೊದ ಕೊಮಿಸ್ಕಿ ಪಾರ್ಕಿನಲ್ಲಿ ನಡೆಯುತ್ತಿತ್ತು. ಆಟಗಾರರನ್ನು ಆರಿಸುತ್ತಿದ್ದವರು ಪರಿಣತರ ಸಮಿತಿಯಲ್ಲ, ಕಪ್ಪು ಸಮುದಾಯದ ಪತ್ರಿಕೆಗಳಾದ ಪಿಟ್ಸ್‌ಬರ್ಗ್ ಕೊರಿಯರ್, ಷಿಕಾಗೊ ಡಿಫೆಂಡರ್ ಓದುಗರು. ಪತ್ರಿಕೆಯಲ್ಲಿ ಅಚ್ಚಾದ ಮತಚೀಟಿಯನ್ನು ತುಂಬಿ ಅಂಚೆಗೆ ಹಾಕುತ್ತಿದ್ದವರು. ಸ್ಮಿತ್ ಯಾರಿಗೂ ಗೊತ್ತಿಲ್ಲದ ಆಟಗಾರ ಎಂದು ಅನೇಕರು ಬರೆಯುತ್ತಾರೆ. ಯಾರಿಗೂ ಗೊತ್ತಿಲ್ಲದವನಿಗೆ ಆರು ವರ್ಷ ಮತ ಹಾಕಿದವರು ಯಾರು? ಒಂಬತ್ತು ಇನ್ನಿಂಗ್ಸನ್ನೂ ಕೂತು ನೋಡುತ್ತಿದ್ದ ಜನಕ್ಕೆ ಆ ಮನುಷ್ಯ ಚೆನ್ನಾಗಿ ಗೊತ್ತಿತ್ತು. ನಾನು ಇವತ್ತು ಹೇಳಲು ಬಂದಿರುವ ಮಾತು ಮುಖ್ಯವಾಗಿ ಇದೇ.

ಚೆಂಡಿನ ವಿಷಯಕ್ಕೆ ಬರುತ್ತೇನೆ. ಇಲ್ಲಿ ನನ್ನ ಕೈಯಲ್ಲಿರುವುದು ಸಾಮಾನ್ಯ ಬೇಸ್‌ಬಾಲ್. ಎರಡು ತುಂಡು ಚರ್ಮವನ್ನು ಕೆಂಪು ದಾರದಲ್ಲಿ ಹೊಲಿದಿದ್ದಾರೆ. ಜೋಡಿ ಹೊಲಿಗೆಗಳನ್ನು ಎಣಿಸಿದರೆ 108, ಜಪಮಾಲೆಯ ಮಣಿಗಳಷ್ಟೇ. (ಯಾರೂ ಇದರಲ್ಲಿ ಗೂಢಾರ್ಥ ಹುಡುಕಬೇಡಿ.) ವೇಗದ ಎಸೆತದಲ್ಲಿ ಬೆರಳುಗಳು ಚೆಂಡಿನ ಹಿಂದಿರುತ್ತವೆ, ಬಿಡುವಾಗ ಚೆಂಡು ಹಿಂದಕ್ಕೆ ಸುತ್ತುತ್ತದೆ. ಕರ್ವ್‌ಬಾಲ್‌ನಲ್ಲಿ ತದ್ವಿರುದ್ಧ. ನಡುಬೆರಳು ಹೊಲಿಗೆಯನ್ನು ಗಟ್ಟಿಯಾಗಿ ಒತ್ತಿರುತ್ತದೆ. ಬಿಡುವ ಗಳಿಗೆಯಲ್ಲಿ ಮಣಿಕಟ್ಟನ್ನು ಕೆಳಕ್ಕೆ ಎಳೆದರೆ ಚೆಂಡು ಮುಂದಕ್ಕೆ ಸುತ್ತುತ್ತಾ ಹೋಗುತ್ತದೆ. ಸುತ್ತುವ ಹೊಲಿಗೆ ಗಾಳಿಯನ್ನು ಹಿಂಬದಿಯಿಂದ ಮೇಲಕ್ಕೆ ತಳ್ಳುತ್ತದೆ, ಗಾಳಿ ಚೆಂಡನ್ನು ಕೆಳಕ್ಕೆ ತಳ್ಳುತ್ತದೆ. ಬ್ಯಾಟರ್ ಕಣ್ಣಿಗೆ ಚೆಂಡು ಎದೆಯ ಎತ್ತರದಲ್ಲಿ ಬರುತ್ತಿರುವಂತೆ ಕಂಡು, ಬೀಸುವ ಹೊತ್ತಿಗೆ ಮೊಣಕಾಲಿನ ಬಳಿ ಇರುತ್ತದೆ.

ಸ್ಮಿತ್ ಕೈಯಲ್ಲಿ ಇಂಥ ಎರಡು ಕರ್ವ್‌ಗಳಿದ್ದವು. ತಲೆಯ ಮೇಲಿಂದ ತಂದು ಬಿಟ್ಟರೆ ನೆಟ್ಟಗೆ ಕುಸಿಯುವುದು ಒಂದು, ಕೈಯನ್ನು ಪಕ್ಕಕ್ಕೆ ಚಾಚಿ ಬಿಟ್ಟರೆ ಅಡ್ಡಡ್ಡಕ್ಕೆ ಸರಿಯುವುದು ಇನ್ನೊಂದು. ಜೊತೆಗೆ ಒಳ್ಳೆಯ ವೇಗದ ಎಸೆತವೂ ಇತ್ತು. ಅವರ ಕಾಲದ ಕಪ್ಪು ಬೇಸ್‌ಬಾಲ್‌ನಲ್ಲಿ ಅತ್ಯುತ್ತಮ ಕರ್ವ್ ಅವರದ್ದೇ ಎಂದು ಆಡಿದವರು ಬಹಳ ಮಂದಿ ಹೇಳಿದ್ದಾರೆ. ಬ್ಯಾಟಿಂಗೂ ಬರುತ್ತಿತ್ತು; ಎಸೆಯದ ದಿನ ಔಟ್‌ಫೀಲ್ಡಿನಲ್ಲಿಯೋ ಮೊದಲ ಬೇಸಿನಲ್ಲಿಯೋ ನಿಲ್ಲುತ್ತಿದ್ದರು. ಹದಿನಾಲ್ಕು, ಹದಿನೈದು ಜನರ ತಂಡದಲ್ಲಿ ಯಾರಿಗೂ ಸುಮ್ಮನೆ ಕೂರುವ ಸೌಭಾಗ್ಯವಿರಲಿಲ್ಲ.

ಈಗ ಸ್ಯಾಚೆಲ್. 1938ರಲ್ಲಿ ಮೆಕ್ಸಿಕೊದಲ್ಲಿ ಆಡುವಾಗ ಅವರ ಭುಜ ಕೆಟ್ಟಿತು, ಕೈ ಎತ್ತಲೂ ಆಗದಂತಾಯಿತು. ಅವರ ಆಟ ಮುಗಿಯಿತೆಂದು ಎಲ್ಲರೂ ಕೈಬಿಟ್ಟಾಗ ವಿಲ್ಕಿನ್ಸನ್ ಕರೆದು ತನ್ನ ಎರಡನೆಯ ತಂಡದಲ್ಲಿ ಜಾಗ ಕೊಟ್ಟ. ಕೈ ಸತ್ತಿದ್ದರೂ ಹೆಸರು ಸತ್ತಿರಲಿಲ್ಲ, ಹೆಸರಿಗೆ ಟಿಕೆಟ್ ಮಾರಾಟವಾಗುತ್ತಿತ್ತು. ಆಮೇಲೆ ಆದದ್ದು ಪವಾಡ: ಒಂದು ದಿನ ಕೈ ಮತ್ತೆ ಬಂತು. 1940ರ ಕೊನೆಯ ಹೊತ್ತಿಗೆ ಸ್ಯಾಚೆಲ್ ಮೊನಾರ್ಕ್ಸ್‌ನ ಮುಖ್ಯ ತಂಡದಲ್ಲಿದ್ದರು. ಅದೇ ವರ್ಷ ಸ್ಯಾಟರ್ಡೇ ಈವನಿಂಗ್ ಪೋಸ್ಟ್, ಮರುವರ್ಷ ಲೈಫ್, ಬಿಳಿಯರು ಓದುವ ಈ ಭಾರಿ ಪತ್ರಿಕೆಗಳು ಅವರ ಬಗ್ಗೆ ಬರೆದವು. ಅಲ್ಲಿಂದ ಮುಂದೆ ದೇಶದ ಮೂಲೆ ಮೂಲೆಯ ಊರುಗಳು ಸ್ಯಾಚೆಲ್ ಬರಬೇಕೆಂದು ಕೇಳತೊಡಗಿದವು.

ಅಷ್ಟು ಊರಿಗೆ ಒಬ್ಬ ಮನುಷ್ಯ ದಿನವೂ ಒಂಬತ್ತು ಇನ್ನಿಂಗ್ಸ್ ಎಸೆಯಲು ಸಾಧ್ಯವೇ? ಹಾಗಾಗಿ ಒಂದು ಏರ್ಪಾಟು ಬಂತು. ಪೋಸ್ಟರಿನಲ್ಲಿ ಸ್ಯಾಚೆಲ್ ಹೆಸರು. ಮೊದಲ ಮೂರು ಇನ್ನಿಂಗ್ಸ್ ಸ್ಯಾಚೆಲ್. ಉಳಿದ ಆರು ಹಿಲ್ಟನ್ ಸ್ಮಿತ್.

ಕರಾವಳಿಯ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕರಪತ್ರದಲ್ಲಿ ದಪ್ಪಕ್ಷರದ ಹೆಸರಿನ ಅತಿಥಿ ಕಲಾವಿದರು ಬಂದು, ಎರಡು ಪದ್ಯಕ್ಕೆ ಕುಣಿದು, ಚಪ್ಪಾಳೆ ತೆಗೆದುಕೊಂಡು, ವೇಷ ಬಿಚ್ಚಿ ಕಾರು ಹತ್ತುತ್ತಾರೆ. ಆಟ ಬೆಳಗಿನವರೆಗೂ ಇರುತ್ತದೆ. ಚೌಕಿಯಲ್ಲಿ ಕಿರೀಟ ಕಟ್ಟಿಕೊಂಡು ಕಾಯುತ್ತಿದ್ದ ಇನ್ನೊಬ್ಬರು ಅದನ್ನು ದಡ ಮುಟ್ಟಿಸುತ್ತಾರೆ. ಹಾಗೆಂದು ಅತಿಥಿ ಕಲಾವಿದರು ಕಳಪೆ ಎಂದಲ್ಲ. ಸ್ಯಾಚೆಲ್ ನಿಜವಾಗಿಯೂ ಮಹಾನ್ ಪಿಚರ್. ಇಬ್ಬರಲ್ಲಿ ಒಬ್ಬರು ಡೋಲು, ಇನ್ನೊಬ್ಬರು ಚಿನ್ನ ಎಂಬ ಕಥೆ ಇದಲ್ಲ. ಇನ್ನೂ ಒಂದು ಮಾತು: ಸ್ಯಾಚೆಲ್ ತಂದ ಜನರ ಹಣದಿಂದಲೇ ಇಡೀ ತಂಡದ ಸಂಬಳ ನಡೆಯುತ್ತಿತ್ತು, ಸ್ಮಿತ್ ಸಂಬಳವೂ ಅದರಲ್ಲೇ. ಇಂದಿನ ನಿಯಮದಂತೆ ಪಂದ್ಯ ಆರಂಭಿಸಿದ ಪಿಚರ್ ಐದು ಇನ್ನಿಂಗ್ಸ್ ಎಸೆಯದಿದ್ದರೆ ಗೆಲುವು ಅವನ ಖಾತೆಗೆ ಸೇರುವುದಿಲ್ಲ. ಮರುದಿನದ ತಲೆಬರಹ ಮಾತ್ರ ಈ ನಿಯಮಕ್ಕೆ ಬಗ್ಗುವುದಿಲ್ಲ.

1942ರ ಒಂದು ರಾತ್ರಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ನೀಗ್ರೊ ವರ್ಲ್ಡ್ ಸೀರೀಸ್, ಅಂದರೆ ಲೀಗ್ ವಿಜೇತರ ನಡುವಿನ ಅಂತಿಮ ಸರಣಿ, ಮೊನಾರ್ಕ್ಸ್ ವಿರುದ್ಧ ಹೋಮ್‌ಸ್ಟೆಡ್ ಗ್ರೇಸ್. ಸೆಪ್ಟೆಂಬರ್ 10ರಂದು ಪಿಟ್ಸ್‌ಬರ್ಗ್‌ನ ಫೋರ್ಬ್ಸ್ ಫೀಲ್ಡಿನಲ್ಲಿ ಎರಡನೆಯ ಪಂದ್ಯ. ಗ್ರೇಸ್ ತಂಡದ ಕ್ಯಾಚರ್ ಜಾಷ್ ಗಿಬ್ಸನ್. ಆ ಕಾಲದಲ್ಲಿ ಅವರಷ್ಟು ದೂರ ಚೆಂಡು ಹೊಡೆಯುವವರು ಕಪ್ಪು ಬೇಸ್‌ಬಾಲ್‌ನಲ್ಲಿ ಇರಲಿಲ್ಲ. ಈ ಪಂದ್ಯದ ಬಗ್ಗೆ ಒಂದು ಜಗತ್ಪ್ರಸಿದ್ಧ ಕಥೆಯಿದೆ. ಏಳನೆಯ ಇನ್ನಿಂಗ್ಸ್. ಇಬ್ಬರು ಔಟ್. ಸ್ಯಾಚೆಲ್ ದಿಬ್ಬದ ಮೇಲಿದ್ದಾರೆ. ಗಿಬ್ಸನ್ ಸರದಿ ಇನ್ನೂ ದೂರವಿದೆ. ಸ್ಯಾಚೆಲ್ ಬೇಕೆಂದೇ ಮುಂದಿನ ಬ್ಯಾಟರ್‌ಗಳನ್ನು ಬೇಸಿಗೆ ಬಿಟ್ಟು, ಮೂರೂ ಬೇಸ್ ತುಂಬಿಸಿ, ಗಿಬ್ಸನ್ ಬರುವಂತೆ ಮಾಡುತ್ತಾರೆ. ಆಮೇಲೆ ಯಾವ ಎಸೆತ ಎಲ್ಲಿಗೆ ಬರುತ್ತದೆ ಎಂದು ಮೊದಲೇ ಕೂಗಿ ಹೇಳಿ, ಹೇಳಿದಂತೆಯೇ ಎಸೆದು, ಮೂರು ಎಸೆತಗಳಲ್ಲಿ ಅವರನ್ನು ಸ್ಟ್ರೈಕ್‌ಔಟ್ ಮಾಡುತ್ತಾರೆ. ಮೊದಲ ಬೇಸಿನಲ್ಲಿ ನಿಂತು ಇದನ್ನು ಕಂಡ ಮೊನಾರ್ಕ್ಸ್ ಆಟಗಾರ ಬಕ್ ಓನೀಲ್ ಮುಂದೆ ಅರವತ್ತು ವರ್ಷ ಈ ಕಥೆ ಹೇಳಿದರು. ಅವರು ಹೇಳುವುದನ್ನು ಕೇಳಿದವರು ಅನುಮಾನ ಪಡುವುದು ಕಷ್ಟ.

ಆದರೆ ಆ ದಿನಗಳ ಪತ್ರಿಕೆ ವರದಿಗಳನ್ನು ತೆರೆದವರಿಗೆ ಕಂಡದ್ದು ಬೇರೆ. ಬೇಸ್‌ಗಳು ತುಂಬಿದ್ದು ಸ್ಯಾಚೆಲ್ ಔದಾರ್ಯದಿಂದಲ್ಲ, ಗ್ರೇಸ್ ಆಟಗಾರರು ಹೊಡೆದ ಹಿಟ್‌ಗಳಿಂದ. ಗಿಬ್ಸನ್ ಸ್ಟ್ರೈಕ್‌ಔಟ್ ಆದದ್ದು ಮಾತ್ರ ನಿಜ. ಅಷ್ಟೇ ಸಾಕಾಗಿತ್ತು, ಅದೇ ದೊಡ್ಡ ಸಾಧನೆ, ಕಥೆಗೆ ಸಾಲಲಿಲ್ಲ.

ಇಲ್ಲಿಯವರೆಗೆ ಕೇಳಿದಿರಿ. ಈಗ ಯಾರಾದರೂ ಒಂದು ಪ್ರಶ್ನೆ ಕೇಳಬೇಕಿತ್ತು. ಏಳನೆಯ ಇನ್ನಿಂಗ್ಸ್‌ನಲ್ಲಿ ಸ್ಯಾಚೆಲ್ ದಿಬ್ಬದ ಮೇಲಿದ್ದರೆ ಅದಕ್ಕೆ ಮೊದಲು ಎಸೆದವರು ಯಾರು? ಆ ರಾತ್ರಿ ಏರ್ಪಾಟು ತಿರುವುಮುರುವಾಗಿತ್ತು. ಪಂದ್ಯ ಆರಂಭಿಸಿದವರು ಹಿಲ್ಟನ್ ಸ್ಮಿತ್. ಐದು ಇನ್ನಿಂಗ್ಸ್ ಎಸೆದು, ಗಿಬ್ಸನ್ ಇದ್ದ ಆ ತಂಡಕ್ಕೆ ಒಂದೂ ರನ್ ಕೊಡದೆ ಚೆಂಡನ್ನು ಸ್ಯಾಚೆಲ್ ಕೈಗೆ ಒಪ್ಪಿಸಿದ್ದರು. ಪಂದ್ಯ 8-4ರಿಂದ ಮುಗಿಯಿತು. ಆ ನಾಲ್ಕೂ ಬಂದದ್ದು ಸ್ಮಿತ್ ಹೋದ ಮೇಲೆ. ಸೀರೀಸನ್ನು ಮೊನಾರ್ಕ್ಸ್ 4-0ರಿಂದ ಗೆದ್ದಿತು. ಸ್ಯಾಚೆಲ್ ಮೊದಲು ಬಂದರೂ ಕಥೆ ಸ್ಯಾಚೆಲ್‌ದು, ಆಮೇಲೆ ಬಂದರೂ ಸ್ಯಾಚೆಲ್‌ದು. ನಾನೇ ಈ ಕಥೆಯನ್ನು ಎಷ್ಟೋ ಸಲ ಓದಿ ಖುಷಿಪಟ್ಟಿದ್ದೇನೆ, ಈ ಪ್ರಶ್ನೆ ನನಗೂ ಹೊಳೆದಿರಲಿಲ್ಲ.

ಸ್ಮಿತ್‌ಗೆ ಇದು ನೋವು ಕೊಡಲಿಲ್ಲವೇ? ಕೊಟ್ಟಿತು. ವಯಸ್ಸಾದ ಮೇಲೆ ಒಂದು ಸಂದರ್ಶನದಲ್ಲಿ ಅದನ್ನು ಮುಚ್ಚಿಡದೆ ಹೇಳಿದ್ದಾರೆ. ಆಟವನ್ನು ಆಟವಾಗಿ ಆಡಲು ಹೋದವನು ನಾನು, ಸ್ಯಾಚೆಲ್ ಜನರನ್ನು ಸೆಳೆಯಬಲ್ಲವನು, ನಗಿಸಬಲ್ಲವನು. ಇದು ನನಗೆ ಪೆಟ್ಟು ಕೊಟ್ಟಿತು, ಆದರೆ ಮಾಡಲು ಏನೂ ಇರಲಿಲ್ಲ ಎಂಬುದು ಅವರ ಮಾತಿನ ಸಾರ. ಅದರಲ್ಲಿ ಹಗೆ ಕಾಣುವುದಿಲ್ಲ. ಗುಮಾಸ್ತ ವರ್ಗಾವಣೆಯ ಬಗ್ಗೆ ಹೇಳುವ ಧಾಟಿ.

1943ರ ಸುಮಾರಿಗೆ ಅವರ ಕೈಗೂ ಪೆಟ್ಟಾಯಿತು. ಅವರ ಕೈಗೆ ಪವಾಡದ ಕಥೆ ಹುಟ್ಟಲಿಲ್ಲ. ನಿಧಾನವಾಗಿ ಸುಧಾರಿಸಿತು, ನಡುವೆ ಫೀಲ್ಡಿನಲ್ಲಿ ನಿಂತು, ಬ್ಯಾಟು ಹಿಡಿದು ದಿನ ದೂಡಿದರು. ತಂಡದ ಬಸ್ಸು ದಕ್ಷಿಣದ ರಾಜ್ಯಗಳಲ್ಲಿ ಓಡುತ್ತಲೇ ಇತ್ತು. ಹೋಟೆಲಿನ ಒಳಗೆ ಕೂರಿಸುವುದಿಲ್ಲ, ಹಿಂಬಾಗಿಲಲ್ಲಿ ಪೊಟ್ಟಣ ಕಟ್ಟಿ ಕೊಟ್ಟರೆ ಉಂಟು. ಮಲಗಲು ಜಾಗ ಸಿಗದಿದ್ದರೆ ಬಸ್ಸಿನ ಸೀಟೇ ಹಾಸಿಗೆ. ಸೈನ್ಯದಿಂದ ಬಿಡುಗಡೆಯಾಗಿದ್ದ ಜಾಕಿ ರಾಬಿನ್ಸನ್ 1945ರಲ್ಲಿ ಈ ಬಸ್ಸು ಹತ್ತಿದರು. ಓಕ್ಲಹೋಮದ ಮಸ್ಕೋಗಿಯ ಒಂದು ಪೆಟ್ರೋಲ್ ಬಂಕಿನ ಕಥೆಯನ್ನು ಓನೀಲ್ ಹೇಳುತ್ತಿದ್ದರು. ಮೊನಾರ್ಕ್ಸ್ ಯಾವಾಗಲೂ ತೈಲ ಹಾಕಿಸುತ್ತಿದ್ದ ಬಂಕು, ಆದರೆ ಅಲ್ಲಿನ ಶೌಚಾಲಯಕ್ಕೆ ಕಪ್ಪು ಜನ ಹೋಗುವಂತಿಲ್ಲ. ರಾಬಿನ್ಸನ್ ಹೊರಟರು, ಮಾಲೀಕ ತಡೆದ. ಹಾಗಾದರೆ ಟ್ಯಾಂಕಿನಿಂದ ಪೈಪು ತೆಗೆ ಎಂದರು ರಾಬಿನ್ಸನ್. ಅಷ್ಟು ದೊಡ್ಡ ಟ್ಯಾಂಕಿನ ಗಿರಾಕಿ ಮತ್ತೆಲ್ಲಿ ಸಿಗಬೇಕು? ಮಾಲೀಕ ಒಪ್ಪಿದ. ಓನೀಲ್ ಆಗ ನೌಕಾಪಡೆಯಲ್ಲಿದ್ದರು, ಆ ಬಸ್ಸಿನಲ್ಲಿರಲಿಲ್ಲ. ಯಾರಿಂದಲೋ ಕೇಳಿದ್ದು. ಈ ಲೋಕದ ಚರಿತ್ರೆಯೇ ಹೀಗೆ: ಅರ್ಧ ಸ್ಕೋರ್ ಪುಸ್ತಕದಲ್ಲಿ, ಅರ್ಧ ಬಸ್ಸಿನಲ್ಲಿ.

ರಾಬಿನ್ಸನ್ ಹೋದ ಬೆನ್ನಿಗೆ ಡಾಡ್ಜರ್ಸ್ ಕಡೆಯಿಂದ ಸ್ಮಿತ್‌ಗೂ ಕರೆ ಬಂತು. ಅವರು ಒಪ್ಪಲಿಲ್ಲ. ನಲವತ್ತರ ಹತ್ತಿರ ಬಂದ ಮನುಷ್ಯ ಕೆಳದರ್ಜೆಯ ಲೀಗ್‌ನಿಂದ ಮತ್ತೆ ಮೊದಲಿಟ್ಟುಕೊಳ್ಳಬೇಕೇ? 1947ರಲ್ಲಿ ವೆನೆಜುವೆಲಾದ ಕಾರಕಾಸ್‌ನಲ್ಲಿ ವರ್ಗಾಸ್ ತಂಡದ ಪರವಾಗಿ, ಅಭ್ಯಾಸ ಪ್ರವಾಸಕ್ಕೆ ಬಂದಿದ್ದ ನ್ಯೂಯಾರ್ಕ್ ಯಾಂಕೀಸ್ ವಿರುದ್ಧ ಐದು ಇನ್ನಿಂಗ್ಸ್ ಎಸೆದು ಒಂದೇ ಹಿಟ್ ಕೊಟ್ಟರು. ಅದೇ ಯಾಂಕೀಸ್ ಆ ವರ್ಷ ವರ್ಲ್ಡ್ ಸೀರೀಸ್ ಗೆದ್ದಿತು. ಮೇಜರ್ ಲೀಗ್ ಆಟಗಾರರ ಎದುರು ಸ್ಮಿತ್ ಏನು ಮಾಡಬಹುದಿತ್ತು ಎಂದು ಯಾರಾದರೂ ಕೇಳಿದರೆ ನಾನು ಇದನ್ನು ಹೇಳುತ್ತೇನೆ, ಹೆಚ್ಚು ವಾದಿಸುವುದಿಲ್ಲ.

1948ರ ಬೇಸಿಗೆ. ಸ್ಯಾಚೆಲ್ ತಮ್ಮ 42ನೆಯ ಹುಟ್ಟುಹಬ್ಬದ ದಿನ ಕ್ಲೀವ್‌ಲ್ಯಾಂಡ್ ಇಂಡಿಯನ್ಸ್ ಜೊತೆ ಸಹಿ ಹಾಕಿದರು. ಆಗಸ್ಟ್ 20ರಂದು ಅವರು ಎಸೆಯುವುದನ್ನು ನೋಡಲು ಕ್ಲೀವ್‌ಲ್ಯಾಂಡಿನ ಕ್ರೀಡಾಂಗಣದಲ್ಲಿ ಸೇರಿದ ಜನ 78,382. ಆ ಋತುವಿನಲ್ಲಿ ಆರು ಗೆಲುವು, ಒಂದು ಸೋಲು, ಕೊನೆಗೆ ವರ್ಲ್ಡ್ ಸೀರೀಸ್. ಅದೇ ವರ್ಷ, 41ರ ಹಿಲ್ಟನ್ ಸ್ಮಿತ್ ಮೊನಾರ್ಕ್ಸ್‌ನಲ್ಲಿ ತಮ್ಮ ಕೊನೆಯ ಋತು ಮುಗಿಸಿದರು. ಆಮೇಲೆ ಕ್ಯಾನ್ಸಾಸ್ ಸಿಟಿಯ ಆರ್ಮ್ಕೊ ಉಕ್ಕಿನ ಕಾರ್ಖಾನೆಯಲ್ಲಿ ಹಲವು ವರ್ಷ ದುಡಿದರು. ನಿವೃತ್ತಿಯ ಬಳಿಕ ಷಿಕಾಗೊ ಕಬ್ಸ್ ತಂಡಕ್ಕೆ ಹುಡುಗರನ್ನು ಗುರುತಿಸಿ ಕೊಡುವ ಕೆಲಸ ಮಾಡುತ್ತಿದ್ದರು. ಸ್ಯಾಚೆಲ್ ಕೂಡ ಅದೇ ಊರಿನಲ್ಲಿ ನೆಲೆಸಿದ್ದರು. 1982ರ ಜೂನ್‌ನಲ್ಲಿ ಸ್ಯಾಚೆಲ್ ತೀರಿಕೊಂಡರು, 1983ರ ನವೆಂಬರ್ 18ರಂದು ಸ್ಮಿತ್. ಸಾವಿನಲ್ಲೂ ಆತ ಮೊದಲು, ಇವರು ಆಮೇಲೆ.

ಕೂಪರ್ಸ್‌ಟೌನ್‌ನ ಹಾಲ್ ಆಫ್ ಫೇಮ್, ಅಂದರೆ ಬೇಸ್‌ಬಾಲ್ ಮಹನೀಯರ ಗೌರವ ಭವನ, ಸ್ಯಾಚೆಲ್‌ಗೆ ಜಾಗ ಕೊಟ್ಟದ್ದು 1971ರಲ್ಲಿ. ಅದೂ ಮೊದಲು ಬೇರೆಯೇ ಮೂಲೆಯಲ್ಲಿ ಎಂದು ಹೇಳಿ, ಜನ ಛೀಮಾರಿ ಹಾಕಿದ ಮೇಲೆ ಎಲ್ಲರ ಜೊತೆ. ನೀಗ್ರೊ ಲೀಗ್ ಆಟಗಾರರಿಗಾಗಿ 1995ರಿಂದ ಏಳು ವರ್ಷ ಪ್ರತ್ಯೇಕ ಮತದಾನ ನಡೆಯಿತು, ವರ್ಷಕ್ಕೆ ಒಬ್ಬರು. ಮೊದಲ ವರ್ಷ ಆಯ್ಕೆಯಾದ ಲಿಯಾನ್ ಡೇ ಎಂಬ ಪಿಚರ್‌ಗೆ ಸುದ್ದಿ ತಲುಪಿದ್ದು ಆಸ್ಪತ್ರೆಯ ಹಾಸಿಗೆಯಲ್ಲಿ. ಒಂದು ವಾರದಲ್ಲಿ ಅವರು ಹೋಗಿಬಿಟ್ಟರು. ಏಳನೆಯ ವರ್ಷ, 2001ರಲ್ಲಿ, ಪಟ್ಟಿಯ ಕೊನೆಯ ಹೆಸರು ಹಿಲ್ಟನ್ ಸ್ಮಿತ್. ಸತ್ತು ಹದಿನೆಂಟು ವರ್ಷವಾಗುತ್ತ ಬಂದಿತ್ತು. 1940ರಿಂದ 1946ರವರೆಗೆ ಜಗತ್ತಿನ ಅತ್ಯುತ್ತಮ ಪಿಚರ್ ಅವರೇ ಇದ್ದಿರಬಹುದು ಎಂದು ಹೇಳುತ್ತಾ ಬಂದಿದ್ದ ಓನೀಲ್ ಬದುಕಿದ್ದರು, ಅದೊಂದು ಸಮಾಧಾನ.

ಮೇಜರ್ ಲೀಗ್ 2020ರ ಡಿಸೆಂಬರಿನಲ್ಲಿ, 1920ರಿಂದ 1948ರವರೆಗಿನ ಏಳು ನೀಗ್ರೊ ಲೀಗ್‌ಗಳೂ ಮೇಜರ್ ಲೀಗ್‌ಗಳೇ ಎಂದು ಒಪ್ಪಿಕೊಂಡಿತು. 2024ರ ಮೇ ತಿಂಗಳಲ್ಲಿ 2,300ಕ್ಕೂ ಹೆಚ್ಚು ಆಟಗಾರರ ಅಂಕಿಅಂಶ ಅಧಿಕೃತ ದಾಖಲೆಗೆ ಸೇರಿತು; ಗಿಬ್ಸನ್ ಜೀವಮಾನದ ಬ್ಯಾಟಿಂಗ್ ಸರಾಸರಿಯ (ಸರದಿಗೆ ಇಷ್ಟು ಹಿಟ್ ಎಂಬ ಲೆಕ್ಕದ) ಪಟ್ಟಿಯಲ್ಲಿ 0.372ರೊಂದಿಗೆ ಮೊದಲ ಸ್ಥಾನಕ್ಕೆ ಏರಿದರು. ನನಗೂ ಸಂತೋಷವೇ. ಆದರೆ ಆ ಲೆಕ್ಕಕ್ಕೆ ಸೇರುವುದು ಲೀಗ್ ಪಂದ್ಯಗಳು ಮಾತ್ರ. ಲಾರಿಯ ಮೇಲಿನ ದೀಪ ಹೊತ್ತಿಸಿಕೊಂಡು ಊರೂರಿನಲ್ಲಿ ಆಡಿದ ಪಂದ್ಯಗಳು ಅದರಲ್ಲಿಲ್ಲ. ಸ್ಮಿತ್ ಮೊನಾರ್ಕ್ಸ್‌ನಲ್ಲಿದ್ದ ಹನ್ನೆರಡು ವರ್ಷವೂ ವರ್ಷಕ್ಕೆ ಇಪ್ಪತ್ತು ಅಥವಾ ಹೆಚ್ಚು ಪಂದ್ಯ ಗೆದ್ದರೆಂದು ಹಾಲ್ ಆಫ್ ಫೇಮ್ ಫಲಕ ಹೇಳುತ್ತದೆ. ಅಧಿಕೃತ ಅಂಕಿಗಳಲ್ಲಿ ಅಷ್ಟು ಕಾಣಿಸುವುದಿಲ್ಲ. ಎರಡರ ನಡುವಿನ ವ್ಯತ್ಯಾಸದಲ್ಲಿ ಬಿದ್ದಿರುವುದೇ ಆ ಆರು ಇನ್ನಿಂಗ್ಸ್‌ಗಳು.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು ನಿಂತು ಕೇಳಿದರು: "ಸ್ವಾಮಿ, ನೀವು ಇಷ್ಟೆಲ್ಲ ಹೇಳಿದಿರಿ. ನೇರವಾಗಿ ಹೇಳಿಬಿಡಿ, ಇಬ್ಬರಲ್ಲಿ ಯಾರು ಹೆಚ್ಚು?"

ನಾನು ಹೇಳಿದೆ: ಇಬ್ಬರನ್ನೂ ಎದುರಿಸಿ ಬ್ಯಾಟ್ ಹಿಡಿದವರ ನಡುವೆ ಒಂದು ಮಾತು ಓಡಾಡುತ್ತಿತ್ತು. ಮೊನಾರ್ಕ್ಸ್ ಎದುರು ಆಡುವಾಗ ರನ್ ಮಾಡಿಕೊಳ್ಳುವುದಿದ್ದರೆ ಸ್ಯಾಚೆಲ್ ಇರುವಾಗಲೇ ಮಾಡಿಕೊಂಡುಬಿಡಿ, ಆಮೇಲೆ ಹಿಲ್ಟನ್ ಬರುತ್ತಾನೆ.